ಬೋಟಿನ ತಳಕ್ಕೆ ಕೆಂಪು ಬಣ್ಣ: ಚಂದಕ್ಕಲ್ಲ, ಡೀಸೆಲ್ ಉಳಿಸೋಕೆ

ಮಲ್ಪೆ: ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ. ಬಲೆ ರಿಪೇರಿ, ಎಂಜಿನ್ ಕೆಲಸದ ಜೊತೆ ಬೋಟನ್ನು ದಡಕ್ಕೆ ಎಳೆದು ತಳಕ್ಕೆ ಬಣ್ಣ ಬಳಿಯೋಕೂ ಸಿಗುವ ಹೊತ್ತು ಇದೇ. ಮೇಲೆ ಕಾಣುವ ನೀಲಿ, ಹಸಿರು, ಹಳದಿ ಚಂದಕ್ಕೆ. ನೀರಿನಲ್ಲಿ ಮುಳುಗುವ ಭಾಗದ ಕಂದುಗೆಂಪಿನ ಲೆಕ್ಕವೇ ಬೇರೆ.

ಉಪ್ಪುನೀರಿಗೆ ಇಳಿದ ಕೆಲವೇ ಗಂಟೆಗಳಲ್ಲಿ ತಳದ ಮೇಲೆ ಬ್ಯಾಕ್ಟೀರಿಯಾದ ತೆಳು ಲೋಳೆ ಕಟ್ಟುತ್ತದೆ. ಆಮೇಲೆ ಪಾಚಿ, ಅದರ ಹಿಂದೆ ಬಾರ್ನಕಲ್ ಅನ್ನುವ ಚಿಪ್ಪುಜೀವಿ. ಇದರ ಮರಿ ಒಮ್ಮೆ ಅಂಟಿಕೊಂಡರೆ ಸಾಯುವವರೆಗೂ ಜಾಗ ಬಿಡೋದಿಲ್ಲ. ತಳ ಒರಟಾದಂತೆ ನೀರಿನ ಎಳೆತ ಜಾಸ್ತಿ. ಅದೇ ವೇಗಕ್ಕೆ ಹೆಚ್ಚು ಡೀಸೆಲ್ ಸುಡಬೇಕು. ಓಡುವ ಬೋಟಿಗಿಂತ ಕಟ್ಟಿ ನಿಲ್ಲಿಸಿದ ಬೋಟಿಗೆ ಈ ಕಾಟ ಹೆಚ್ಚು.

ಕೆಂಪು ಬಣ್ಣದಲ್ಲಿರುವುದು ಕ್ಯುಪ್ರಸ್ ಆಕ್ಸೈಡ್, ಅಂದ್ರೆ ತಾಮ್ರದ ಒಂದು ಆಕ್ಸೈಡ್. ಅದು ನೀರಿಗೆ ಸ್ವಲ್ಪಸ್ವಲ್ಪವೇ ಕರಗುತ್ತಾ ಮರಿಗಳು ಅಂಟದಂತೆ ತಡೆಯುತ್ತದೆ. ಸವೆದು ಹೋಗುವುದೇ ಅದರ ಕೆಲಸ, ಹಾಗಾಗಿ ಮತ್ತೆಮತ್ತೆ ಬಳಿಯಲೇಬೇಕು. ಅಗ್ಗ ಅಂತ ಮನೆ ಗೇಟಿಗೆ ಹೊಡೆಯುವ ಎನಾಮಲ್ ಬಳಿದರೆ ಪ್ರಯೋಜನ ಸೊನ್ನೆ. ತಾಮ್ರದ ಉಪಾಯವೇನೂ ಹೊಸದಲ್ಲ, 1761ರಲ್ಲೇ ಬ್ರಿಟಿಷ್ ನೌಕಾಪಡೆ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊಡೆದಿತ್ತು. ನಮ್ಮಲ್ಲಿ ಮರದ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರು.

ಕೆಲಸ ಕೆಡುವುದು ಸಣ್ಣ ವಿಷಯಗಳಲ್ಲಿ. ತಾಮ್ರ ಭಾರ, ಡಬ್ಬಿಯ ಅಡಿಗೆ ಕೂರುತ್ತದೆ. ತಳದವರೆಗೆ ಕಲಕದೆ ಬಳಿದರೆ ಕೊಟ್ಟ ದುಡ್ಡೆಲ್ಲ ಡಬ್ಬಿಯಲ್ಲೇ ಉಳಿದ ಹಾಗೆ. ಒದ್ದೆ ಹಲಗೆಗೆ ಬಣ್ಣ ಹಿಡಿಯೋದಿಲ್ಲ. ರಜೆ ಸಿಗೋದೇ ಮಳೆಗಾಲದಲ್ಲಿ ಅನ್ನೋದು ಕರಾವಳಿಯ ದೊಡ್ಡ ಕಷ್ಟ, ಮೇಲೆ ಟಾರ್ಪಾಲ್ ಕಟ್ಟಿ ಒಣಗಿಸದೆ ಬೇರೆ ದಾರಿ ಇಲ್ಲ. ಸ್ಟೀಲ್ ಬೋಟಿಗಂತೂ ಮೊದಲು ಪ್ರೈಮರ್ ಬೇಕೇಬೇಕು. ತಾಮ್ರ ನೇರವಾಗಿ ಕಬ್ಬಿಣಕ್ಕೆ ತಾಗಿದರೆ ತುಕ್ಕು ಬೇಗ ಹಿಡಿಯುತ್ತದೆ.

ಅಂಗಡಿಯವರು ನೋಡಬೇಕಾದ್ದೂ ಒಂದಿದೆ. ಹಿಂದೆ ಟಿಬಿಟಿ ಎಂಬ ತವರದ ರಾಸಾಯನಿಕ ಬೆರೆಸಿದ ಬಣ್ಣ ಬಹಳ ಓಡುತ್ತಿತ್ತು. ಫ್ರಾನ್ಸಿನ ಆರ್ಕಶಾನ್ ಕೊಲ್ಲಿಯಲ್ಲಿ ಸಿಂಪಿ ಕೃಷಿಯನ್ನೇ ಅದು ಹಾಳು ಮಾಡಿತು. 2001ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಗೆ ಬಂದು ಹಡಗುಗಳಿಗೆ ಅದನ್ನು ನಿಷೇಧಿಸಿತು. ಹಳೇ ಸ್ಟಾಕ್ ಅಂತ ಯಾರಾದ್ರೂ ತಂದುಕೊಟ್ಟರೆ ಡಬ್ಬಿಯ ಮೇಲಿನ ಬರಹ ಓದಿಯೇ ತೆಗೆದುಕೊಳ್ಳಬೇಕು.

ತಾಮ್ರವೂ ವಿಷವೇ. ಹಳೇ ಬಣ್ಣ ಕೆರೆಯುವವರು ಮಾಸ್ಕ್ ಹಾಕಬೇಕು, ಒಣ ಉಜ್ಜುವ ಬದಲು ನೀರು ಹಾಕಿ ಉಜ್ಜಬೇಕು. ಕೆರೆದ ಚೂರು ಧಕ್ಕೆಯ ನೀರಿಗೆ ಬೀಳದಂತೆ ಕೆಳಗೆ ಟಾರ್ಪಾಲ್ ಹಾಸಿ ಗೋಣಿಗೆ ತುಂಬಿಸಬೇಕು.