ಪೋಷಣಶಾಸ್ತ್ರದ ಪಠ್ಯಕ್ರಮವೂ ಕಲಿತವರ ಅಭಿಪ್ರಾಯವೂ

ವಿಶ್ವವಿದ್ಯಾನಿಲಯದಲ್ಲಿ ಪೋಷಣಶಾಸ್ತ್ರದ ಬೋಧನೆಯು ಸಫಲವಾಯಿತೇ ಎಂಬುದನ್ನು ಪರೀಕ್ಷೆಯ ಅಂಕಗಳಿಂದ ಮಾತ್ರವೇ ನಿರ್ಣಯಿಸಲಾಗದು, ಕಲಿತವರನ್ನೂ ಕೇಳಬೇಕು. ಬೆಂಗಳೂರಿನ ರಾಷ್ಟ್ರೀಯ ಮೌಲ್ಯಾಂಕನ ಮತ್ತು ಮಾನ್ಯತಾ ಪರಿಷತ್ತು ೨೦೧೭ರಲ್ಲಿ ಪರಿಷ್ಕರಿಸಿದ ತನ್ನ ವಿಧಾನದಲ್ಲಿ ವಿದ್ಯಾರ್ಥಿಗಳ ಮತ್ತು ಹಳೆಯ ವಿದ್ಯಾರ್ಥಿಗಳ ಅಭಿಪ್ರಾಯಗಳೆರಡಕ್ಕೂ ಸ್ಥಾನವನ್ನಿತ್ತಿತು. ಆದರೆ ಇವೆರಡೂ ಒಂದೇ ಬಗೆಯ ಸಾಕ್ಷ್ಯವಲ್ಲವೆಂಬುದನ್ನು ಗಮನಿಸಬೇಕು.

ಪಾಠವು ವಿಶದವಾಗಿತ್ತೇ, ಪ್ರಯೋಗಶಾಲೆಯಲ್ಲಿ ಕೈಪಳಗಲು ಅವಕಾಶ ದೊರೆಯಿತೇ ಎಂಬುದನ್ನು ತರಗತಿಯಲ್ಲಿರುವ ವಿದ್ಯಾರ್ಥಿಗಳೇ ಬಲ್ಲರು. ಕಲಿತುದು ಕೆಲಸಕ್ಕೆ ಬರುವುದೇ ಎಂಬುದನ್ನಾದರೋ ಪದವೀಧರರೇ ಹೇಳಬೇಕು. ಒಂದು ನಿದರ್ಶನ: ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು ೨೦೧೭ರಲ್ಲಿ ಪ್ರಕಟಿಸಿದ ಆಹಾರಸಂಯೋಜನೆಯ ಕೋಷ್ಟಕಗಳ ಪ್ರಕಾರ ೧೦೦ ಗ್ರಾಂ ರಾಗಿಯಲ್ಲಿ ೩೬೪ ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪರೀಕ್ಷೆಯಲ್ಲಿ ಈ ಅಂಕಿಯನ್ನು ಬರೆದರೆ ಸಾಕು. ಆಸ್ಪತ್ರೆಯಲ್ಲಿ ರೋಗಿಯು ಕಾಳಿನ ಲೆಕ್ಕವನ್ನು ಕೇಳುವುದಿಲ್ಲ. ಎಷ್ಟು ಮುದ್ದೆ ಉಣ್ಣಬಹುದೆಂದು ಕೇಳುತ್ತಾನೆ. ಮುದ್ದೆಯ ತೂಕದಲ್ಲಿ ನೀರೂ ಸೇರಿರುವುದರಿಂದ ಕೋಷ್ಟಕದ ಅಂಕಿಯನ್ನು ಹಾಗೆಯೇ ಹೇಳುವಂತಿಲ್ಲ. ಸಲಹೆ ತಪ್ಪಿದರೆ ಅದರ ಫಲವನ್ನನುಭವಿಸುವವನು ರೋಗಿಯೇ. ಇಂತಹ ಕೊರತೆಯನ್ನು ಪದವೀಧರರು ತಿಳಿಸಿದಲ್ಲಿ, ಅಡುಗೆಯ ಪ್ರಯೋಗವನ್ನೂ ಆಸ್ಪತ್ರೆಯ ಅಭ್ಯಾಸವನ್ನೂ ಜೊತೆಗೂಡಿಸಿ ಕಲಿಸಬಹುದು.

ಕೇಳುವ ಪ್ರಶ್ನೆಗಳೂ ಇದಕ್ಕೆ ತಕ್ಕಂತಿರಬೇಕು. ಬೋಧನೆ ಮೆಚ್ಚಿಗೆಯಾಯಿತೇ ಎಂದು ಕೇಳಿದರೆ ಮೆಚ್ಚಿಗೆಯಷ್ಟೇ ತಿಳಿಯುತ್ತದೆ, ಕಲಿಕೆಯಲ್ಲ. ವಿದ್ಯಾರ್ಥಿಗಳನ್ನು ಪಾಠದ ಅವಧಿಯ ನಡುವೆಯೇ ಕೇಳಿದರೆ ಲೋಪವನ್ನು ಅವರಿರುವಾಗಲೇ ಸರಿಪಡಿಸಬಹುದು. ಪದವೀಧರರನ್ನು ಕೆಲಕಾಲ ಉದ್ಯೋಗದಲ್ಲಿದ್ದ ಮೇಲೆ ಕೇಳುವುದು ಯುಕ್ತ. ಉತ್ತರಗಳನ್ನು ಅಧ್ಯಯನ ಮಂಡಳಿಯ ಮುಂದಿಟ್ಟು, ಯಾವುದನ್ನು ಬದಲಿಸಲಾಯಿತು, ಯಾವುದನ್ನು ಏಕೆ ಬದಲಿಸಲಿಲ್ಲ ಎಂಬುದನ್ನು ಉತ್ತರವಿತ್ತವರಿಗೂ ತಿಳಿಸಬೇಕು. ಇಲ್ಲವಾದರೆ ಮುಂದಿನ ಸಲ ಮನಸ್ಸಿಟ್ಟು ಉತ್ತರಿಸುವವರು ದೊರೆಯರು.