ರಕ್ತದಿಂದ ಮಿದುಳಿಗೆ ಇನ್ಸುಲಿನ್ ಸಾಗುವ ದಾರಿ

ಬೆಂಗಳೂರಿನ ದೊಡ್ಡನೆಕ್ಕುಂದಿಯ ಔಷಧದಂಗಡಿಗಳ ಫ್ರಿಜ್‌ಗಳಲ್ಲಿ ಸಿಗುವ ಇನ್ಸುಲಿನ್, 51 ಅಮೈನೊ ಆಮ್ಲಗಳು ಸರಪಳಿಯಾಗಿ ಬೆಸೆದು ಆದ ಪೆಪ್ಟೈಡ್ ಹಾರ್ಮೋನು. ಇದೇ ನಗರದ ಇನ್ನೊಂದು ಅಂಚಿನ ಬೊಮ್ಮಸಂದ್ರದಲ್ಲಿರುವ ಬಯೋಕಾನ್ ಸಂಸ್ಥೆಯು ಪಿಕಿಯಾ ಎಂಬ ಯೀಸ್ಟ್‌ನ ನೆರವಿನಿಂದ ತಯಾರಿಸಿದ ಮಾನವ ಇನ್ಸುಲಿನ್ ಅನ್ನು 2004ರಲ್ಲಿ ಮಾರುಕಟ್ಟೆಗೆ ತಂದಿತು. ಸ್ನಾಯು ಮತ್ತು ಕೊಬ್ಬಿನ ಜೀವಕೋಶಗಳು ರಕ್ತದ ಸಕ್ಕರೆಯನ್ನು ಹೀರುವಂತೆ ಮಾಡುವ ಈ ಹಾರ್ಮೋನು ಮಿದುಳನ್ನೂ ಸೇರುತ್ತದೆಂಬುದು ಮಾತ್ರ ಬಹುಕಾಲ ಅರಿವಿಗೆ ಬಂದಿರಲಿಲ್ಲ.

ಜರ್ಮನಿಯ ಪಾಲ್ ಎರ್ಲಿಕ್ ಅವರ 1885ರ ಪ್ರಯೋಗಗಳಲ್ಲಿ ಪ್ರಾಣಿಗಳ ರಕ್ತಕ್ಕೆ ಸೇರಿಸಿದ ಬಣ್ಣವು ಉಳಿದ ಅಂಗಗಳಿಗೆ ಹತ್ತಿದರೂ ಮಿದುಳಿಗೆ ಹತ್ತಲಿಲ್ಲ. ಮಿದುಳಿನ ಅಂಗಾಂಶವೇ ಬಣ್ಣವನ್ನು ಹಿಡಿಯದೆಂದು ಅವರು ಭಾವಿಸಿದರು. ಅವರ ಶಿಷ್ಯ ಎಡ್ವಿನ್ ಗೋಲ್ಡ್‌ಮನ್ 1913ರಲ್ಲಿ ಮಿದುಳು ಮತ್ತು ಬೆನ್ನುಹುರಿಯನ್ನು ಆವರಿಸಿರುವ ದ್ರವಕ್ಕೇ ಬಣ್ಣ ಸೇರಿಸಿದಾಗ ಮಿದುಳು ಬಣ್ಣಗೊಂಡಿತು, ದೇಹದ ಉಳಿದ ಭಾಗ ಬಣ್ಣಗೊಳ್ಳಲಿಲ್ಲ. ಹೀಗೆ ರಕ್ತಕ್ಕೂ ಮಿದುಳಿಗೂ ನಡುವೆ ತಡೆಯೊಂದಿದೆಯೆಂಬುದು ಸ್ಪಷ್ಟವಾಯಿತು. ಮಿದುಳಿನ ಲೋಮನಾಳಗಳ ಒಳಪದರದ ಕೋಶಗಳು ಸಂದಿಲ್ಲದಂತೆ ಬಿಗಿಯಾಗಿ ಕೂಡಿಕೊಂಡಿರುವುದೇ ಆ ತಡೆಯೆಂದು 1967ರಲ್ಲಿ ರೀಸ್ ಮತ್ತು ಕಾರ್ನೋವ್ಸ್ಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದರು.

ಅದೇ ವರ್ಷ ಮಾರ್ಗೋಲಿಸ್ ಮತ್ತು ಆಲ್ಟ್‌ಜುಲರ್, ನಾಯಿಗಳ ಮಿದುಳು ದ್ರವದಲ್ಲಿ ಇನ್ಸುಲಿನ್ ಇರುವುದನ್ನು ವರದಿ ಮಾಡಿದರು. ನೀರಿನಲ್ಲಿ ಕರಗುವ, ಗಾತ್ರದಲ್ಲಿ ದೊಡ್ಡದಾದ ಈ ಅಣು ಕೋಶಪೊರೆಯ ಮೂಲಕ ತಾನಾಗಿ ನುಸುಳಲಾರದು. ರಕ್ತದಲ್ಲಿ ಇನ್ಸುಲಿನ್ ಏರಿದಷ್ಟೂ ಮಿದುಳಿಗೆ ಸೇರುವ ಪಾಲು ಏರದೆ ಒಂದು ಮಿತಿಯಲ್ಲಿ ನಿಲ್ಲುತ್ತದೆಂದು 1993ರಲ್ಲಿ ನಾಯಿಗಳ ಮೇಲಿನ ಅಧ್ಯಯನ ತಿಳಿಸಿತು. ಅಣುಗಳನ್ನು ಹಿಡಿದು ದಾಟಿಸುವ ಸಾಗಣೆ ವ್ಯವಸ್ಥೆ ಇದೆಯೆಂಬುದಕ್ಕೆ ಈ ಮಿತಿಯೇ ಸಾಕ್ಷಿ.

ಕೊಬ್ಬಿನ ಕೋಶಗಳು ಸ್ರವಿಸುವ, ಹಸಿವನ್ನು ತಗ್ಗಿಸುವ ಲೆಪ್ಟಿನ್ 1994ರಲ್ಲಿ ಪತ್ತೆಯಾಯಿತು. ಅದಕ್ಕೆ ಇನ್ಸುಲಿನ್‌ನದಲ್ಲದ ಪ್ರತ್ಯೇಕ ಸಾಗಣೆ ವ್ಯವಸ್ಥೆಯಿದೆಯೆಂದು 1996ರಲ್ಲಿ ವಿಲಿಯಂ ಬ್ಯಾಂಕ್ಸ್ ಮತ್ತು ಸಹೋದ್ಯೋಗಿಗಳು ಇಲಿಗಳಲ್ಲಿ ತೋರಿಸಿದರೆ, ಬೊಜ್ಜುಳ್ಳವರ ರಕ್ತದಲ್ಲಿ ಲೆಪ್ಟಿನ್ ಹೇರಳವಾಗಿದ್ದರೂ ಮಿದುಳು ದ್ರವದಲ್ಲಿ ಅದು ಅಷ್ಟಾಗಿ ಹೆಚ್ಚಿರುವುದಿಲ್ಲವೆಂದು ಅದೇ ವರ್ಷದ ಇನ್ನೊಂದು ಅಧ್ಯಯನ ಕಂಡುಕೊಂಡಿತು. ಇವಲ್ಲದೆ, ತಡೆ ಸಡಿಲವಾಗಿರುವ ಕೆಲವು ಪುಟ್ಟ ತಾಣಗಳು ಮಿದುಳಿನಲ್ಲಿಯೇ ಇವೆ. ಈಚಿನ ತೂಕ ಇಳಿಸುವ ಔಷಧ ಸೆಮಾಗ್ಲುಟೈಡ್ ಮುಖ್ಯವಾಗಿ ಅಂಥ ತಾಣಗಳ ಮೂಲಕವೇ ಪ್ರವೇಶಿಸುತ್ತದೆಂದು ಇಲಿಗಳ ಮೇಲಿನ ಪ್ರಯೋಗಗಳು ಸೂಚಿಸುತ್ತವೆ.

ಆದ್ದರಿಂದ ಮಿದುಳಿಗೆ ತಲುಪಬೇಕಾದ ಪೆಪ್ಟೈಡ್ ಔಷಧವನ್ನು ರೂಪಿಸುವವರು ಅದರ ಪ್ರಮಾಣವನ್ನು ನಿರ್ಧರಿಸುವ ಮೊದಲೇ ಅದು ಸಾಗುವ ದಾರಿಯನ್ನು ಗುರುತಿಸಬೇಕಾಗುತ್ತದೆ.