ಕಪಾಲ ನರಗಳನ್ನು ಎಣಿಸಿದ ಚಿತ್ರಗಳು

ಮಿದುಳಿಗೆ ನೇರವಾಗಿ ಕೂಡಿಕೊಂಡಿರುವ ಕಪಾಲ ನರಗಳು 12 ಜೊತೆ. ಪುತ್ತೂರು ತಾಲ್ಲೂಕಿನ ಕೆದಂಬಾಡಿಯ ವಿದ್ಯಾರ್ಥಿಯಾಗಲಿ, ಬೆಂಗಳೂರಿನ ವೈದ್ಯ ವಿದ್ಯಾರ್ಥಿಯಾಗಲಿ ಕಲಿಯುವುದು ಇದನ್ನೇ. ಆದರೆ 1543ರ ಪುಸ್ತಕದಲ್ಲಿ ಅವು 7 ಜೊತೆ, 1664ರ ಪುಸ್ತಕದಲ್ಲಿ 9. ಈ ಅವಧಿಯಲ್ಲಿ ಮನುಷ್ಯನ ತಲೆಯೇನೂ ಬದಲಾಗಿಲ್ಲವಷ್ಟೆ. ಹಾಗಾದರೆ ಬದಲಾದದ್ದೇನು?

ಕ್ರಿ.ಶ. 2ನೆಯ ಶತಮಾನದ ಗ್ಯಾಲೆನ್ ಮುಖ್ಯವಾಗಿ ಪ್ರಾಣಿಗಳನ್ನು ಛೇದಿಸಿ ಅಂಗರಚನೆಯನ್ನು ತಿಳಿದವನು. ಕುರಿ, ದನಗಳ ಮಿದುಳಿನ ತಳದಲ್ಲಿ ರಕ್ತನಾಳಗಳ ಬಲೆಯೊಂದಿದೆ. ಮನುಷ್ಯನಲ್ಲೂ ಅದು ಇದೆಯೆಂದು ಅವನು ನಂಬಿದ. 1538ರಲ್ಲಿ ವೆಸೇಲಿಯಸ್ ತನ್ನ ಚಿತ್ರಪಟಗಳಲ್ಲಿ ಆ ಬಲೆಯನ್ನು ಬಿಡಿಸಿಯೇಬಿಟ್ಟ! ಪಾಠ ಮಾಡುವಾಗ ಮನುಷ್ಯನ ತಲೆಯಲ್ಲಿ ಅದು ಸಿಗದಿದ್ದರೆ ತೋರಿಸಲೆಂದು ಕುರಿಯದೋ ಎತ್ತಿನದೋ ತಲೆಯೊಂದನ್ನು ಸಿದ್ಧವಾಗಿಟ್ಟುಕೊಳ್ಳುತ್ತಿದ್ದ. 1543ರ 'ಫ್ಯಾಬ್ರಿಕಾ' ಗ್ರಂಥದಲ್ಲಿ ಇದನ್ನು ಅವನೇ ಒಪ್ಪಿಕೊಂಡಿದ್ದಾನೆ. ಇಂಥ ಪ್ರಾಮಾಣಿಕತೆ ಪಠ್ಯಪುಸ್ತಕಗಳಲ್ಲಿ ಅಪರೂಪ. ಆದರೂ ನರಗಳ ಎಣಿಕೆಯಲ್ಲಿ ಮಾತ್ರ ಗ್ಯಾಲೆನನ 7ನ್ನೇ ಉಳಿಸಿಕೊಂಡ. ವಾಸನೆಯ ನರ ಆ ಲೆಕ್ಕದಲ್ಲಿರಲಿಲ್ಲ.

ವೆಸೇಲಿಯಸ್ ಮಿದುಳನ್ನು ಬುರುಡೆಯೊಳಗೇ ಇಟ್ಟು ಮೇಲಿನಿಂದ ಪದರ ಪದರವಾಗಿ ಕೊಯ್ಯುತ್ತಿದ್ದ. ಆಕ್ಸ್‌ಫರ್ಡ್‌ನ ಥಾಮಸ್ ವಿಲಿಸ್ ಅದನ್ನು ಇಡಿಯಾಗಿ ಹೊರತೆಗೆದು ತಲೆಕೆಳಗು ಮಾಡಿ ನೋಡಿದ. 1664ರ ಅವನ 'ಸೆರೆಬ್ರಿ ಅನಾಟಮಿ'ಗೆ ಚಿತ್ರ ಬರೆದವರಲ್ಲಿ ಕ್ರಿಸ್ಟೊಫರ್ ರೆನ್ ಒಬ್ಬ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ವಿನ್ಯಾಸ ಮಾಡಿದ ರೆನ್ ಇವನೇ. ಮಿದುಳಿನ ತಳದಲ್ಲಿ ಬಲೆಯ ಬದಲು ಅಪಧಮನಿಗಳ ಉಂಗುರವೊಂದು ಅಲ್ಲಿ ಸ್ಪಷ್ಟವಾಗಿ ಮೂಡಿದೆ. ಅದಕ್ಕೆ ಇಂದಿಗೂ ವಿಲಿಸನದೇ ಹೆಸರು.

ನರಗಳ ಲೆಕ್ಕ ಇನ್ನೂ ಸ್ವಾರಸ್ಯಕರ. ವಾಸನೆಯ ನರವನ್ನು ವಿಲಿಸ್ ಮೊದಲನೆಯದಾಗಿ ಎಣಿಸಿದ. ಮುಖದ ನರ, ಶ್ರವಣ ನರ ಎರಡನ್ನೂ ಸೇರಿಸಿ ಏಳನೆಯದೆಂದ. ಇಂದು ನಾವು 9, 10, 11 ಎಂದು ಎಣಿಸುವ ಮೂರೂ ಅವನಿಗೆ ಎಂಟನೆಯದು. ನಾಲಿಗೆಯನ್ನು ಚಲಿಸುವ ನರ ಒಂಬತ್ತನೆಯದು. ಇದು ಅಜಾಗರೂಕತೆಯಲ್ಲ. ಮುಖದ ಮತ್ತು ಶ್ರವಣ ನರಗಳು ಬುರುಡೆಯ ಒಂದೇ ರಂಧ್ರವನ್ನು ಹೊಗುತ್ತವೆ; ಆ ಮೂರು ನರಗಳು ಇನ್ನೊಂದು ರಂಧ್ರದಿಂದ ಒಟ್ಟಿಗೆ ಹೊರಬೀಳುತ್ತವೆ. ಜರ್ಮನಿಯ ಸೊಯೆಮ್ಮೆರಿಂಗ್ ತಾನೇ ಬಿಡಿಸಿದ ಚಿತ್ರಗಳೊಂದಿಗೆ 1778ರಲ್ಲಿ ಇವನ್ನು ಬಿಡಿಬಿಡಿಯಾಗಿ ಎಣಿಸಿದಾಗ 12 ಆಯಿತು.

ತರಗತಿಯಲ್ಲಿ ಮಿದುಳಿನ ತಳಭಾಗದ ಪಟವಿದ್ದರೆ ಹೆಸರುಗಳನ್ನು ಮುಚ್ಚಿ, ನರಗಳನ್ನು ಎಣಿಸಲು ವಿದ್ಯಾರ್ಥಿಗಳಿಗೆ ಹೇಳಿ. ಬಂದ ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಪ್ರತಿಯೊಬ್ಬರೂ ಯಾವುದನ್ನು ಯಾವುದರೊಂದಿಗೆ ಸೇರಿಸಿದರೆಂದು ಕೇಳಿ. ಬೆಂಗಳೂರಿಗೆ ಪ್ರವಾಸ ಹೋದಾಗ ನಿಮ್ಹಾನ್ಸ್‌ನ ಮಿದುಳು ಸಂಗ್ರಹಾಲಯದಲ್ಲಿ ನಿಜವಾದ ಮಿದುಳಿನ ತಳವನ್ನೂ ನೋಡಬಹುದು.